ಗ್ರಾಮದ ಅಭಿವೃದ್ಧಿಗೆ ಸರ್ಕಾರದ ಧನಸಹಾಯವನ್ನು ಪಡೆಯತಕ್ಕ ಕ್ರಮ

(ದೇವನಹಳ್ಳಿ ತಾಲ್ಲೂಕಿನ ಆವತಿ ಸೀಮೆಯನ್ನು ನಿದರ್ಶನವಾಗಿಟ್ಟುಕೊಂಡು ಬರೆದುದು)

ಊರ ಕೆರೆಯಲ್ಲಿ ಹೂಳು ತುಂಬಿದೆ, ಕಿತ್ತ ತರಕಾರಿಯನ್ನು ವಿಂಗಡಿಸಿ ಇಡುವುದಕ್ಕೆ ನೆರಳಿಲ್ಲ, ರಾಗಿಯನ್ನು ಹಾಗೆಯೇ ಮಾರಿದರೆ ಬೆಲೆ ಸಿಕ್ಕುವುದಿಲ್ಲ ಎಂದು ರೈತರು ಹೇಳುವುದನ್ನು ನಾವು ಪ್ರತಿದಿನವೂ ಕೇಳುತ್ತಿರುತ್ತೇವೆ. ಇದರ ಹಿಂದೆಯೇ, "ಸರ್ಕಾರದವರು ನಮಗೆ ಏನೂ ಕೊಡುವುದಿಲ್ಲ" ಎಂಬ ಮಾತೂ ಬರುತ್ತದೆ. ಈ ಮಾತಿನಲ್ಲಿ ಸ್ವಲ್ಪ ನಿಜವುಂಟು. ಸ್ವಲ್ಪ ತಪ್ಪು ತಿಳಿವಳಿಕೆಯೂ ಉಂಟು. ಹಳ್ಳಿಗಳ ಸಲುವಾಗಿ ಪ್ರತಿವರ್ಷವೂ ಬೊಕ್ಕಸದಿಂದ ಹಣವು ಹೊರಡುತ್ತಿರುವುದು ನಿಜ. ಆದರೆ ಅದು ಕಷ್ಟವಿರುವ ಊರನ್ನು ತಾನಾಗಿಯೇ ಹುಡುಕಿಕೊಂಡು ಹೋಗುವುದಿಲ್ಲ. ಆಗಬೇಕಾದ ಕೆಲಸವನ್ನು ಅಳೆದು, ಬರೆದು, ಸಭೆಯಲ್ಲಿ ಒಪ್ಪಿಸಿ, ತನ್ನ ಪಾಲನ್ನು ಮೊದಲು ತೆಗೆದಿಟ್ಟು, ಹಿಂದಿನ ಹಣದ ಲೆಕ್ಕವನ್ನು ಒಪ್ಪಿಸಿದ ಊರಿಗೆ ಅದು ಸೇರುತ್ತದೆ. ಇದನ್ನು ಹೇಗೆ ಮಾಡತಕ್ಕದ್ದೆಂಬುದನ್ನು ಈ ಲೇಖನದಲ್ಲಿ ವಿವರಿಸುವೆವು.

ಆವತಿಯ ಸ್ಥಿತಿ

ಆವತಿಯು ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ದೇವನಹಳ್ಳಿಗೂ ಚಿಕ್ಕಬಳ್ಳಾಪುರಕ್ಕೂ ನಡುವೆ ಇರುವ ಹಳೆಯ ಊರು. ಕಂಚಿಯ ಕಡೆಯಿಂದ ಬಂದ ರಣಭೈರೇಗೌಡನೂ ಅವನ ಕಡೆಯವರೂ ಇಲ್ಲಿ ನೆಲೆಸಿದರೆಂದೂ, ಆ ವಂಶದವರೇ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳ ಪಾಳೆಯಗಳನ್ನು ಕಟ್ಟಿದರೆಂದೂ ಪ್ರತೀತಿಯುಂಟು. ದೇವನಹಳ್ಳಿಯಲ್ಲಿ ಮಲ್ಲಭೈರೇಗೌಡನು 1501ರಲ್ಲಿ ಕೋಟೆಯನ್ನು ಕಟ್ಟಿಸಿದನು. ಬೆಂಗಳೂರಿನ ಕೆಂಪೇಗೌಡರ ಮನೆತನವೂ ಆವತಿ ನಾಡಪ್ರಭುಗಳ ಮೂಲದ್ದೇ. ಪೇಟೆಗಳನ್ನು ಕಟ್ಟಿದವರ ಮೂಲಸ್ಥಾನವಾದ ಈ ಸೀಮೆಯ ರೈತನು ಇಂದು ಪೇಟೆಯು ತನ್ನ ಹೊಲದ ಅಂಚಿಗೇ ಬರುತ್ತಿರುವುದನ್ನು ನೋಡುತ್ತಿದ್ದಾನೆ.

2008ರಲ್ಲಿ ದೇವನಹಳ್ಳಿಯ ಬಳಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು ಪ್ರಾರಂಭವಾದ ಮೇಲೆ ಈ ತಾಲ್ಲೂಕಿನ ಜಮೀನಿನ ಬೆಲೆಯು ಬೆಳೆಯ ಬೆಲೆಯೊಡನೆ ಸಂಬಂಧವೇ ಇಲ್ಲದಂತೆ ಏರಿದೆ. ಇದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ಕೈಗಾರಿಕೆಗಾಗಿ ತಮ್ಮ ಭೂಮಿಯನ್ನು ತೆಗೆದುಕೊಳ್ಳಕೂಡದೆಂದು ಮೂರು ವರ್ಷಗಳಿಗೂ ಹೆಚ್ಚುಕಾಲ ಹೋರಾಡಿದರು. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಆ 1,777 ಎಕರೆಗಳ ಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿದರು. ಭೂಮಿಯು ಉಳಿಯಿತು. ಆದರೆ ಉಳಿದ ಭೂಮಿಯಿಂದ ಸಂಸಾರವು ನಡೆಯಬೇಕಲ್ಲವೆ? ಈ ಸೀಮೆಯಲ್ಲಿ ವರ್ಷವೆಲ್ಲ ಹರಿಯುವ ನದಿಯಿಲ್ಲ. ಅಂತರ್ಜಲವು ಮಿತಿಮೀರಿ ಬಳಕೆಯಾಗಿದೆ. ರಾಗಿ, ದ್ರಾಕ್ಷಿ, ಹಿಪ್ಪುನೇರಳೆ, ತರಕಾರಿ, ಹೂವು, ಹಾಲು ಇವೇ ಜೀವನಾಧಾರ. ಬೆಂಗಳೂರು ನೀಲಿ ದ್ರಾಕ್ಷಿಗೂ ದೇವನಹಳ್ಳಿ ಚಕ್ಕೋತಕ್ಕೂ ಭೌಗೋಳಿಕ ಸೂಚಕದ ಮನ್ನಣೆಯು ದೊರೆತಿದ್ದರೂ ಹೆಸರೊಂದರಿಂದಲೇ ಹೊಟ್ಟೆ ತುಂಬುವುದಿಲ್ಲ. ಜಮೀನನ್ನು ಮಾರಿದ ಹಣವು ಒಂದೇ ಸಲ ಬರುವಂಥದು. ಕೆರೆ, ಕಣ, ಉಗ್ರಾಣ, ಸಂಘ ಇವುಗಳಿಂದ ಬರುವ ಆದಾಯವು ವರ್ಷವರ್ಷವೂ ಬರುವಂಥದು. ಎರಡನೆಯದಕ್ಕೆ ಮೂಲಧನ ಬೇಕು. ಆ ಮೂಲಧನದಲ್ಲಿ ಸರ್ಕಾರದ ಪಾಲನ್ನು ತರುವುದು ಹೇಗೆಂಬುದೇ ಇಲ್ಲಿಯ ವಿಷಯ.

ಹಣದ ಬಗೆಗಳು

ಸರ್ಕಾರದ ಹಣವೆಲ್ಲ ಒಂದೇ ಎಂದು ತಿಳಿದು ಎಲ್ಲದಕ್ಕೂ ಒಂದೇ ಬಾಗಿಲನ್ನು ತಟ್ಟುವುದರಿಂದ ಬಹಳ ಕಾಲವು ವ್ಯರ್ಥವಾಗುತ್ತದೆ. ಹಣವು ಮುಖ್ಯವಾಗಿ ನಾಲ್ಕು ಬಗೆ.

ಮೊದಲನೆಯದು, ಗ್ರಾಮ ಪಂಚಾಯತಿಗೆ ಹಕ್ಕಿನಂತೆ ಬರುವ ಅನುದಾನ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯಿಂದಲೂ ಅದೇ ವರ್ಷದ ಕರ್ನಾಟಕದ ಪಂಚಾಯತ್ ರಾಜ್ ಕಾಯಿದೆಯಿಂದಲೂ ಪಂಚಾಯತಿಗಳಿಗೆ ಈ ಸ್ಥಾನವು ದೊರೆಯಿತು. ಕೇಂದ್ರದ ಹಣಕಾಸು ಆಯೋಗದವರು ಐದೈದು ವರ್ಷಗಳಿಗೆ ಅನುದಾನದ ಕ್ರಮವನ್ನು ಗೊತ್ತುಮಾಡುವರು. 15ನೆಯ ಆಯೋಗವು 2021ರಿಂದ 2026ರವರೆಗಿನ ಅವಧಿಗೆ ನೂರರಲ್ಲಿ 60 ಪಾಲನ್ನು ಕುಡಿಯುವ ನೀರಿಗೂ ನೈರ್ಮಲ್ಯಕ್ಕೂ ಸಮವಾಗಿ ಕಟ್ಟಿಟ್ಟು, ಉಳಿದ 40 ಪಾಲನ್ನು ಊರಿನ ಅವಶ್ಯಕತೆಗೆ ತಕ್ಕಂತೆ ಖರ್ಚುಮಾಡಲು ಬಿಟ್ಟಿತು. ಆ 40 ಪಾಲಿನಿಂದಲೂ ಸಂಬಳ ಸಾರಿಗೆಗಳನ್ನು ಕೊಡಕೂಡದೆಂದು ವಿಧಿಸಿತು.

ಎರಡನೆಯದು, ಕೃಷಿ, ತೋಟಗಾರಿಕೆ, ರೇಷ್ಮೆ, ಪಶುಸಂಗೋಪನೆ ಮುಂತಾದ ಇಲಾಖೆಗಳ ಮೂಲಕ ರೈತನಿಗೆ ಅಥವಾ ರೈತರ ಗುಂಪಿಗೆ ದೊರೆಯುವ ಸಹಾಯಧನ. ಇದರ ದರಗಳು ಆಯಾ ವರ್ಷದ ಮಾರ್ಗಸೂಚಿಯಂತೆ ಬದಲಾಗುತ್ತಿರುತ್ತವೆ. ನೆರೆಯವನಿಗೆ ಹಿಂದೆ ಸಿಕ್ಕಿದ ದರವೇ ತನಗೂ ಸಿಕ್ಕುವುದೆಂದು ಎಣಿಸಬಾರದು.

ಮೂರನೆಯದು, ಬಡ್ಡಿಯಲ್ಲಿ ರಿಯಾಯಿತಿಯುಳ್ಳ ಸಾಲ. 2020ರಲ್ಲಿ ಕೇಂದ್ರ ಸರ್ಕಾರವು ಪ್ರಾರಂಭಿಸಿದ ಕೃಷಿ ಮೂಲಸೌಕರ್ಯ ನಿಧಿಯ ನಿಯಮದಲ್ಲಿ, ಉಗ್ರಾಣ, ಶೀತಲಗೃಹ, ವಿಂಗಡಣೆಯ ಮನೆ ಮುಂತಾದುವುಗಳಿಗೆ ಬ್ಯಾಂಕಿನವರು ಕೊಡುವ ಸಾಲದಲ್ಲಿ 2 ಕೋಟಿ ರೂಪಾಯಿಗಳವರೆಗೆ ವರ್ಷಕ್ಕೆ ನೂರಕ್ಕೆ 3ರಂತೆ ಬಡ್ಡಿಯ ಭಾರವನ್ನು ಹೆಚ್ಚೆಂದರೆ 7 ವರ್ಷ ಸರ್ಕಾರವು ಹೊರುವುದೆಂದು ಗೊತ್ತುಮಾಡಲಾಯಿತು. 12 ಲಕ್ಷದ ಸಾಲವಾದರೆ ಮೊದಲ ವರ್ಷದಲ್ಲಿ 36,000 ರೂಪಾಯಿಗಳಷ್ಟು ಹೊರೆಯು ಇಳಿಯಿತೆಂದು ತಿಳಿಯಬಹುದು. ಅಸಲನ್ನು ಮಾತ್ರ ರೈತನೇ ತೀರಿಸತಕ್ಕದ್ದು.

ನಾಲ್ಕನೆಯದು, ಕೂಲಿಯ ರೂಪದಲ್ಲಿ ಊರಿಗೆ ಬರುವ ಹಣ. 2005ರ ಉದ್ಯೋಗ ಖಾತರಿ ಕಾಯಿದೆಯಿಂದ ಕೃಷಿಹೊಂಡ, ಬದು, ಹಿಪ್ಪುನೇರಳೆ ನಾಟಿ, ದನದ ಕೊಟ್ಟಿಗೆ ಮೊದಲಾದ ಕೆಲಸಗಳು ಹಳ್ಳಿಗಳಲ್ಲಿ ಆದುವು. 2025ರ ಡಿಸೆಂಬರಿನಲ್ಲಿ ಪಾರ್ಲಿಮೆಂಟು ಅದರ ಸ್ಥಾನಕ್ಕೆ ಬೇರೊಂದು ಕಾಯಿದೆಯನ್ನು ಅಂಗೀಕರಿಸಿ ದಿನಗಳನ್ನು ನೂರರಿಂದ 125ಕ್ಕೆ ಏರಿಸಿತು. ಹೊಸ ಕಾಯಿದೆಯಲ್ಲಿಯೂ ಕೆಲಸಗಳು ಗ್ರಾಮ ಪಂಚಾಯತಿಯ ಯೋಜನೆಯಿಂದಲೇ ಹೊರಡತಕ್ಕದ್ದೆಂದು ಇದೆ. ಆದಕಾರಣ ಕಾಯಿದೆಯ ಹೆಸರು ಬದಲಾದರೂ ಊರಿನ ಯೋಜನೆಯ ಪಟ್ಟಿಯಲ್ಲಿ ಕೆಲಸವು ಸೇರಿರಬೇಕೆಂಬುದು ಬದಲಾಗಲಿಲ್ಲ.

ಆಸ್ತಿಯು ಯಾರ ವಶದಲ್ಲಿದೆ?

ಅರ್ಜಿಯನ್ನು ಬರೆಯುವ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಕೆರೆಯನ್ನೇ ತೆಗೆದುಕೊಳ್ಳೋಣ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆಯಾದ ಕೆರೆಗಳು ಪಂಚಾಯತ್ ರಾಜ್ ಸಂಸ್ಥೆಗಳ ವಶದಲ್ಲಿಯೂ, ಅದಕ್ಕೆ ಮೇಲ್ಪಟ್ಟು 2,000 ಹೆಕ್ಟೇರಿನವರೆಗಿನವು ಸಣ್ಣ ನೀರಾವರಿ ಇಲಾಖೆಯ ವಶದಲ್ಲಿಯೂ ಇರುತ್ತವೆ. ಸಣ್ಣ ನೀರಾವರಿಯ ಕೆರೆಗಾಗಿ ಪಂಚಾಯತಿಯ ಬಾಗಿಲಲ್ಲಿ ವರ್ಷಗಟ್ಟಲೆ ಕಾದರೆ ಪಂಚಾಯತಿಯವರು ಏನು ಮಾಡಲಾದೀತು? ಹಾಗೆಯೇ ವಿಂಗಡಣೆಯ ಮನೆಯನ್ನು ಕಟ್ಟತಕ್ಕ ಸ್ಥಳವು ಗ್ರಾಮಠಾಣವೋ, ಗೋಮಾಳವೋ, ಖಾಸಗಿ ಹಿಡುವಳಿಯೋ ಎಂಬುದನ್ನು ಮೊದಲೇ ತಿಳಿದಿರಬೇಕು. ಜಮೀನಿನ ಬೆಲೆಯು ಏರಿರುವ ಈ ತಾಲ್ಲೂಕಿನಲ್ಲಿ ಸ್ಥಳದ ತಗಾದೆಯೊಂದೇ ಒಳ್ಳೆಯ ಕೆಲಸವನ್ನು ನಿಲ್ಲಿಸಿಬಿಡಬಲ್ಲದು.

ಗ್ರಾಮಸಭೆ ಮತ್ತು ಅದರ ಹದ

ಬಿತ್ತನೆಗೆ ಹದವಿರುವಂತೆ ಅರ್ಜಿಗೂ ಹದವುಂಟು. ಮುಂದಿನ ವರ್ಷದ ಗ್ರಾಮ ಪಂಚಾಯತಿ ಅಭಿವೃದ್ಧಿ ಯೋಜನೆಯನ್ನು ತಯಾರಿಸುವ ಕಾರ್ಯವು ಸಾಮಾನ್ಯವಾಗಿ ಅಕ್ಟೋಬರ್ 2ರಂದು, ಎಂದರೆ ಗಾಂಧಿ ಜಯಂತಿಯಂದು, ಮೊದಲಾಗುತ್ತದೆ. ಹೊಲದಲ್ಲಿ ರಾಗಿಯು ತೆನೆಗಟ್ಟುತ್ತಿರುವ ಕಾಲವದು. ಸುಗ್ಗಿಯೆಲ್ಲ ಮುಗಿದು ಮಾರ್ಚಿಯಲ್ಲಿ ಬಿಡುವಾದಾಗ ಅರ್ಜಿಯನ್ನು ತಂದರೆ ಆ ವೇಳೆಗೆ ಪಟ್ಟಿಯು ಕಟ್ಟಿಹೋಗಿರುತ್ತದೆ. ಮತ್ತೊಂದು ವರ್ಷ ಕಾಯಬೇಕಾಗುತ್ತದೆ.

ಕೆಲಸವು ಮೊದಲು ವಾರ್ಡ್ ಸಭೆಯಲ್ಲಿ ಬಂದು, ಅನಂತರ ಗ್ರಾಮಸಭೆಯಲ್ಲಿ ಅಂಗೀಕಾರವಾಗತಕ್ಕದ್ದು. ಗ್ರಾಮಸಭೆಯು ಆರು ತಿಂಗಳಿಗೆ ಒಂದು ಸಲವಾದರೂ ಸೇರಬೇಕು. ಮತದಾರರಲ್ಲಿ ಹತ್ತನೆಯ ಒಂದು ಪಾಲು ಅಥವಾ ನೂರು ಜನ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟು ಮಂದಿಯಾದರೂ ಹಾಜರಿರಬೇಕು. ಹೆಂಗಸರೂ ಸಾಕಷ್ಟು ಸಂಖ್ಯೆಯಲ್ಲಿ ಬರಬೇಕೆಂದು ಕಾಯಿದೆಯು ಹೇಳುತ್ತದೆ. ಇದು ಬರಿಯ ಶಾಸ್ತ್ರವಲ್ಲ. ಹಾಲು ಕರೆಯುವವರೂ, ಹುಳು ಸಾಕುವವರೂ, ರಾಗಿಯನ್ನು ಹಸನುಮಾಡುವವರೂ ಬಹುಮಟ್ಟಿಗೆ ಹೆಂಗಸರೇ ಆಗಿರುವಲ್ಲಿ ಅವರ ಮಾತಿಲ್ಲದೆ ಬರೆದ ಪಟ್ಟಿಯು ಅರ್ಧ ಊರಿನ ಪಟ್ಟಿಯಾದೀತು.

ಸಭೆಯಲ್ಲಿ ಬಾಯಿಮಾತಿನಿಂದ ಒಪ್ಪಿದರೆ ಸಾಲದು. ನಡಾವಳಿಯ ಪುಸ್ತಕದಲ್ಲಿ ಕೆಲಸದ ಹೆಸರು, ಸ್ಥಳ, ಅಳತೆ, ಪ್ರಯೋಜನ ಹೊಂದುವವರ ಸಂಖ್ಯೆ ಇವುಗಳನ್ನು ಬರೆಯಿಸಿ, ಅದರ ನಕಲನ್ನು ತೆಗೆದಿಟ್ಟುಕೊಳ್ಳತಕ್ಕದ್ದು. ಮುಂದೆ ಯಾವ ಇಲಾಖೆಗೆ ಹೋದರೂ ಈ ನಕಲು ಊರಿನ ಪರವಾಗಿ ಮಾತನಾಡುತ್ತದೆ.

ಅಳತೆಯಿಲ್ಲದ ಅರ್ಜಿ

"ಕೆರೆಯ ಹೂಳನ್ನು ತೆಗೆಸಿಕೊಡಬೇಕಾಗಿ ಪ್ರಾರ್ಥನೆ" ಎಂಬ ಅರ್ಜಿಗಳು ಬೇಕಾದಷ್ಟು ಬರುತ್ತವೆ. ಇವುಗಳ ಮೇಲೆ ಅಧಿಕಾರಿಯು ಏನನ್ನು ಮಂಜೂರು ಮಾಡಬೇಕು? ಎಷ್ಟು ಹೂಳು, ಎಲ್ಲಿಂದ, ಎಲ್ಲಿಗೆ ಎಂಬುದು ಗೊತ್ತಿಲ್ಲ. ಇದೇ ಅರ್ಜಿಯನ್ನು ಬೇರೆ ರೀತಿಯಾಗಿ ಬರೆಯಬಹುದು. ಕೆರೆಯ ತೂಬಿನ ಮುಂದೆ 100 ಮೀಟರು ಉದ್ದ, 50 ಮೀಟರು ಅಗಲದಲ್ಲಿ ಅರ್ಧ ಮೀಟರು ಆಳದ ಹೂಳನ್ನು ತೆಗೆಯಬೇಕೆಂದಿಟ್ಟುಕೊಳ್ಳಿ. ಅದು 2,500 ಘನ ಮೀಟರಾಯಿತು. ಟ್ರ್ಯಾಕ್ಟರಿನ ಒಂದು ಗಾಡಿಗೆ 3 ಘನ ಮೀಟರು ಹಿಡಿಯುವುದೆಂದರೆ ಸುಮಾರು 830 ಗಾಡಿ. ಕೆರೆಯ ಗೋಡು ಹೊಲಕ್ಕೆ ಒಳ್ಳೆಯದಾದುದರಿಂದ, ಯಾವ ಯಾವ ರೈತನು ಎಷ್ಟೆಷ್ಟು ಗಾಡಿಗಳನ್ನು ತನ್ನ ಖರ್ಚಿನಿಂದ ಹೊಡೆಯಿಸಿಕೊಳ್ಳುವನೆಂಬುದರ ಪಟ್ಟಿಯನ್ನು ಸಹಿಗಳೊಡನೆ ಲಗತ್ತಿಸಬಹುದು. ಆಗ ಅಗೆಯುವ ಖರ್ಚು ಮಾತ್ರ ಸರ್ಕಾರದ್ದು, ಸಾಗಿಸುವ ಖರ್ಚು ಊರಿನದು ಎಂದಾಗುತ್ತದೆ. ಮೊದಲನೆಯ ಅರ್ಜಿಯು ಕಡತದಲ್ಲಿ ಮಲಗುವುದು. ಎರಡನೆಯದನ್ನು ಇಂಜಿನಿಯರು ತಂದು ಸ್ಥಳದಲ್ಲಿಟ್ಟು ನೋಡಲೇಬೇಕಾಗುವುದು.

ಹಾಲಿನ ಸಂಘದಲ್ಲಿ ನಮ್ಮ ರೈತರಿಗೆ ಈ ಅಭ್ಯಾಸವು ಆಗಲೇ ಆಗಿದೆ. ಹಾಲನ್ನು ಅಳೆಯದೆ, ಜಿಡ್ಡನ್ನು ಪರೀಕ್ಷಿಸದೆ, ಪುಸ್ತಕದಲ್ಲಿ ಬರೆಯದೆ ಅಲ್ಲಿ ಯಾರೂ ಹಣವನ್ನು ಕೇಳುವುದಿಲ್ಲ. ಊರಿನ ಕೆಲಸಕ್ಕೂ ಅದೇ ಪದ್ಧತಿಯು ಯುಕ್ತವಾದುದು.

ಸ್ವಂತ ಪಾಲು

ತಾನು ಒಂದು ಕಾಸನ್ನೂ ಹಾಕದೆ ಎಲ್ಲವೂ ಸರ್ಕಾರದಿಂದಲೇ ಆಗಲೆಂಬ ಊರು ಹಿಂದೆ ಬೀಳುತ್ತದೆ. ಈ ತತ್ತ್ವವು ಹೊಸತಲ್ಲ. ಮೈಸೂರು ಸಂಸ್ಥಾನದಲ್ಲಿ 1911ರಲ್ಲಿಯೇ ಕೆರೆ ಪಂಚಾಯತಿಗಳ ರೆಗ್ಯುಲೇಷನ್ ಆಗಿ, ಊರ ಕೆರೆಯ ಪಾಲನೆಯಲ್ಲಿ ರೈತರಿಗೂ ಹೊಣೆಯುಂಟೆಂದಾಯಿತು. ಸಂಸ್ಥಾನದ ಏಳಿಗೆಯನ್ನು ವಿಚಾರಮಾಡಲು ಸಂಪದಭ್ಯುದಯ ಸಮಾಜವು ಸ್ಥಾಪಿತವಾದುದೂ ಅದೇ ವರ್ಷ. ಅದಕ್ಕೂ ಮೊದಲು, 1905ರಲ್ಲಿ, ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳುತನದಲ್ಲಿ ಸಹಕಾರ ಸಂಘವು ಹುಟ್ಟಿತು. ಅಲ್ಲಿಯ ರೈತರು ತಮ್ಮ ಷೇರಿನ ಹಣವನ್ನು ಕೂಡಿಸಿದ ಮೇಲೆಯೇ ಇತರರು ಅವರನ್ನು ನಂಬಿದರು.

ಈಗಿನ ಯೋಜನೆಗಳಲ್ಲಿಯೂ ಹೀಗೆಯೇ. 2020ರಲ್ಲಿ ಕೇಂದ್ರವು 10,000 ರೈತ ಉತ್ಪಾದಕರ ಸಂಸ್ಥೆಗಳನ್ನು ಕಟ್ಟುವ ಯೋಜನೆಯನ್ನು ಹೊರಡಿಸಿದಾಗ, ಬಯಲುಸೀಮೆಯಲ್ಲಿ ಸಂಸ್ಥೆಗೆ 300 ಮಂದಿ ಸದಸ್ಯರಾದರೂ ಇರಬೇಕೆಂದೂ, ರೈತರು ಹಾಕಿದ ಷೇರಿನ ಹಣಕ್ಕೆ ಸಮನಾಗಿ ಸದಸ್ಯನೊಬ್ಬನಿಗೆ 2,000 ರೂಪಾಯಿ ಮೀರದಂತೆ, ಒಟ್ಟು 15 ಲಕ್ಷ ಮೀರದಂತೆ ಸರ್ಕಾರವು ಕೊಡುವುದೆಂದೂ ವಿಧಿಸಲಾಯಿತು. 300 ಮಂದಿಯು ತಲಾ 1,000 ರೂಪಾಯಿ ಹಾಕಿದರೆ 3 ಲಕ್ಷ. ಸರ್ಕಾರದ 3 ಲಕ್ಷ ಸೇರಿ 6 ಲಕ್ಷ. ರೈತರು ಏನನ್ನೂ ಹಾಕದಿದ್ದರೆ ಸರ್ಕಾರದ ಪಾಲೂ ಸೊನ್ನೆಯೇ. ಆವತಿಯಂಥ ಊರು ಒಂದೇ ಇದ್ದುಕೊಂಡು ಮುನ್ನೂರು ಮಂದಿಯನ್ನು ಕೂಡಿಸುವುದು ಕಷ್ಟವಾದರೆ ಸುತ್ತಲಿನ ನಾಲ್ಕಾರು ಹಳ್ಳಿಗಳ ದ್ರಾಕ್ಷಿ ಬೆಳೆಗಾರರೂ ತರಕಾರಿ ಬೆಳೆಗಾರರೂ ಸೇರಿಕೊಳ್ಳಬಹುದು.

ಪಹಣಿಯಲ್ಲಿ ಯಾರ ಹೆಸರಿದೆ?

ರೈತನೊಬ್ಬನ ಸಹಾಯಧನವು ನಿಂತುಹೋಗಲು ಮುಖ್ಯ ಕಾರಣವನ್ನು ಹೇಳಬೇಕೆಂದರೆ ಅದು ಪಹಣಿಯೇ. ತಾತನು ತೀರಿಕೊಂಡು ವರ್ಷಗಳಾದರೂ ಖಾತೆಯು ಅವನ ಹೆಸರಿನಲ್ಲಿಯೇ ಇರುತ್ತದೆ. ಉಳುವವನು ಮೊಮ್ಮಗ, ಹೆಸರು ತಾತನದು. ಸಹಾಯಧನವು ಈಗ ನೇರವಾಗಿ ಬ್ಯಾಂಕಿನ ಖಾತೆಗೆ ಬರುತ್ತದೆ. ಪಹಣಿ, ಆಧಾರ್ ಮತ್ತು ಬ್ಯಾಂಕಿನ ಪುಸ್ತಕ ಇವುಗಳಲ್ಲಿ ಹೆಸರು ಒಂದೇ ಆಗಿರದಿದ್ದರೆ ಕಂಪ್ಯೂಟರು ಅರ್ಜಿಯನ್ನು ಮುಂದಕ್ಕೆ ಬಿಡುವುದಿಲ್ಲ. ಆದಕಾರಣ ವಾರಸುದಾರರೆಲ್ಲ ಕೂತು ಮಾತನಾಡಿ ಪೌತಿ ಖಾತೆಯನ್ನು ಮಾಡಿಸಿಕೊಳ್ಳುವುದು ಮೊದಲನೆಯ ಕೆಲಸ. ಅಣ್ಣತಮ್ಮಂದಿರಲ್ಲಿ ಒಪ್ಪಂದವಿಲ್ಲದೆ ಇದನ್ನು ವರ್ಷ ವರ್ಷವೂ ಮುಂದಕ್ಕೆ ಹಾಕುವುದರಿಂದ, ಹಂಚಿಕೊಳ್ಳಬೇಕೆಂದಿರುವ ಆಸ್ತಿಗೆ ಬರತಕ್ಕ ನೆರವೇ ತಪ್ಪಿಹೋಗುತ್ತದೆ. ಅಕ್ಕತಂಗಿಯರ ಹಕ್ಕನ್ನೂ ಮರೆಯತಕ್ಕದ್ದಲ್ಲ. ಮರೆತರೆ ಮುಂದೆ ತಕರಾರು ಬರುವುದು ಖಂಡಿತ. ಖಾತೆಯು ಸರಿಯಾದ ಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ 'ಫ್ರೂಟ್ಸ್' ತಂತ್ರಾಂಶದಲ್ಲಿ ನೋಂದಾಯಿಸಿಕೊಂಡು ರೈತ ಗುರುತಿನ ಸಂಖ್ಯೆಯನ್ನು ಪಡೆಯಬೇಕು.

ಸಹಾಯಧನವನ್ನು ನಂಬಿ ಕೈಸಾಲ ಮಾಡಬಾರದು

ಬಹುಮಂದಿ ಎಡವುವುದು ಇಲ್ಲಿ. ಸಹಾಯಧನವೆಂದರೆ ಮೊದಲೇ ಕೈಗೆ ಬರುವ ಹಣವೆಂದು ತಿಳಿಯುತ್ತಾರೆ. ಅನೇಕ ಯೋಜನೆಗಳಲ್ಲಿ ಅದು ಕೊನೆಗೆ ಬರುವ ಹಣ. 2020ರಲ್ಲಿ ಪ್ರಾರಂಭವಾದ ಕಿರು ಆಹಾರ ಸಂಸ್ಕರಣಾ ಘಟಕಗಳ ಕೇಂದ್ರ ಯೋಜನೆಯ ನಿಯಮಗಳನ್ನು ನೋಡಬಹುದು. ರಾಗಿ ಹಿಟ್ಟು, ರಾಗಿ ಮಾಲ್ಟು ಮಾಡುವ 10 ಲಕ್ಷ ರೂಪಾಯಿನ ಘಟಕವೊಂದನ್ನು ನಿದರ್ಶನಕ್ಕೆ ತೆಗೆದುಕೊಂಡರೆ, ನೂರಕ್ಕೆ 10ರಂತೆ 1 ಲಕ್ಷವನ್ನಾದರೂ ಹೂಡುವವನು ತರಬೇಕು. ಉಳಿದ 9 ಲಕ್ಷವನ್ನು ಬ್ಯಾಂಕಿನವರು ಸಾಲವಾಗಿ ಕೊಡುವರು. ಕೇಂದ್ರದ ನಿಯಮದಂತೆ ನೂರಕ್ಕೆ 35ರ ಸಹಾಯಧನವಾದ ಮೂರೂವರೆ ಲಕ್ಷವು ಬ್ಯಾಂಕಿನಲ್ಲಿಯೇ ಬೇರೆ ಲೆಕ್ಕದಲ್ಲಿದ್ದು, ಸಾಲದ ಕಂತುಗಳು ಸರಿಯಾಗಿ ನಡೆದಿದ್ದರೆ ಮೂರು ವರ್ಷಗಳ ಅನಂತರ ಸಾಲಕ್ಕೆ ಜಮೆಯಾಗುವುದು.

ಹೀಗಿರುವಲ್ಲಿ, ಸಹಾಯಧನವು ನಾಳೆ ಬರುವುದೆಂದು ಇಂದು ಬಡ್ಡಿಗೆ ಕೈಸಾಲ ಮಾಡಿದವನ ಗತಿ ಏನಾದೀತು? ಕೊನೆಗೆ ಜಮೀನಿನ ಮೇಲೆ ಕಣ್ಣಿಟ್ಟವರ ಬಳಿಗೇ ಹೋಗಬೇಕಾಗಿ ಬರುವುದು. ಸಹಾಯಧನವು ಬಾರದಿದ್ದರೂ ಈ ಕೆಲಸವು ನಡೆಯುವುದೆ ಎಂದು ಮೊದಲು ಲೆಕ್ಕಹಾಕಿ, ನಡೆಯುವುದೆಂದಾದರೆ ಮಾತ್ರ ಕೈಹಾಕತಕ್ಕದ್ದು. ಸಹಾಯಧನದ ಆಸೆಗಾಗಿಯೇ ಹುಟ್ಟಿದ ಘಟಕವು ಸಹಾಯಧನದೊಡನೆಯೇ ಮುಗಿಯುತ್ತದೆ.

ಲೆಕ್ಕವೇ ಮುಂದಿನ ಅರ್ಜಿ

ಕೆಲಸವು ಮುಗಿದೊಡನೆ ಊರಿನವರು ಅದನ್ನು ಮರೆತುಬಿಡುವುದುಂಟು. ಸರ್ಕಾರವು ಮರೆಯುವುದಿಲ್ಲ. ಬಳಕೆಯ ಪ್ರಮಾಣಪತ್ರವು ಬಾರದಿದ್ದರೆ ಮುಂದಿನ ಕಂತು ನಿಲ್ಲುವುದು. 15ನೆಯ ಹಣಕಾಸು ಆಯೋಗವಂತೂ, ಪಂಚಾಯತಿಯ ಲೆಕ್ಕಗಳು ಪರಿಶೋಧನೆಯಾಗಿ ಎಲ್ಲರೂ ನೋಡಬಹುದಾದಂತೆ ಪ್ರಕಟವಾಗಿರುವುದನ್ನು ಅನುದಾನಕ್ಕೆ ಷರತ್ತಾಗಿಟ್ಟಿತು. 2020ರಿಂದ 'ಇ-ಗ್ರಾಮ ಸ್ವರಾಜ್' ಎಂಬ ಜಾಲತಾಣದಲ್ಲಿ ಪಂಚಾಯತಿಯ ಯೋಜನೆಯನ್ನೂ ಖರ್ಚನ್ನೂ ಯಾರಾದರೂ ನೋಡಬಹುದು. ಊರಿನ ಓದಿದ ಹುಡುಗರು ಇದನ್ನು ತೆರೆದು ಗ್ರಾಮಸಭೆಯಲ್ಲಿ ಓದಿ ಹೇಳಿದರೆ ದೊಡ್ಡ ಉಪಕಾರವಾದೀತು. ಪ್ರಶ್ನೆ ಕೇಳುವ ಊರಿನಲ್ಲಿ ಲೆಕ್ಕವು ನೆಟ್ಟಗಿರುತ್ತದೆ. ಲೆಕ್ಕವು ನೆಟ್ಟಗಿರುವ ಊರಿಗೆ ಹಣವು ಮತ್ತೆ ಬರುತ್ತದೆ.

ಇಷ್ಟನ್ನೆಲ್ಲ ಮಾಡಿದರೂ ಮೊದಲ ಸಲವೇ ಮಂಜೂರಾಗುವುದೆಂದು ನಾವು ಹೇಳಲಾರೆವು. ಹಣವು ಮಿತವಾದುದು, ಕೇಳುವವರು ಬಹಳ ಮಂದಿ. ಕಛೇರಿಗಳಲ್ಲಿ ವಿಳಂಬವಾಗುವುದೂ ಉಂಟು. ಅರ್ಜಿಯನ್ನು ಕೊಟ್ಟಾಗ ಸ್ವೀಕೃತಿಯನ್ನು ಸಂಖ್ಯೆಯೊಡನೆ ಪಡೆಯತಕ್ಕದ್ದು. ತಿರಸ್ಕಾರವಾದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳತಕ್ಕದ್ದು. 2005ರ ಮಾಹಿತಿ ಹಕ್ಕು ಕಾಯಿದೆಯು ಇದಕ್ಕೆ ಅವಕಾಶವನ್ನು ಕೊಟ್ಟಿದೆ. ಕಾರಣವು ತಿಳಿದರೆ ಮುಂದಿನ ವರ್ಷದ ಅರ್ಜಿಯನ್ನು ತಿದ್ದಿಕೊಳ್ಳಬಹುದು. ಮಧ್ಯವರ್ತಿಗಳಿಗೆ ಹಣವನ್ನು ಕೊಟ್ಟು ಕೆಲಸವಾಗುವುದೆಂದು ನಂಬಬಾರದು.

ಸಾರಾಂಶ

ಮೇಲೆ ಹೇಳಿದುದನ್ನು ಸಂಗ್ರಹಿಸಿ ಹೀಗೆ ಹೇಳಬಹುದು:

1. ಕೆಲಸಕ್ಕೆ ಬೇಕಾದ ಹಣವು ಯಾವ ಬಗೆಯದು, ಆಸ್ತಿಯು ಯಾರ ವಶದಲ್ಲಿದೆ ಎಂಬುದನ್ನು ಮೊದಲು ತಿಳಿಯುವುದು.

2. ಅಕ್ಟೋಬರಿನೊಳಗೆ ಕೆಲಸವನ್ನು ಅಳೆದು ಅಂದಾಜು ಪಟ್ಟಿಯನ್ನು ತಯಾರಿಸಿ, ಗ್ರಾಮಸಭೆಯ ನಡಾವಳಿಯಲ್ಲಿ ಬರೆಯಿಸುವುದು.

3. ಊರಿನ ಪಾಲನ್ನು ಹಣದಿಂದಾಗಲಿ, ಗಾಡಿಯಿಂದಾಗಲಿ, ದುಡಿಮೆಯಿಂದಾಗಲಿ ಮುಂಚಿತವಾಗಿ ಗೊತ್ತುಮಾಡುವುದು.

4. ಪಹಣಿ, ಖಾತೆ, ರೈತ ಗುರುತಿನ ಸಂಖ್ಯೆ ಇವುಗಳನ್ನು ಸರಿಪಡಿಸಿಕೊಳ್ಳುವುದು.

5. ಸಹಾಯಧನವನ್ನು ನಂಬಿ ಕೈಸಾಲ ಮಾಡದಿರುವುದು.

6. ಖರ್ಚಿನ ಲೆಕ್ಕವನ್ನು ಸಭೆಯಲ್ಲಿ ಓದಿ ಒಪ್ಪಿಸುವುದು.

ದೇವನಹಳ್ಳಿಯ ಸೀಮೆಯಲ್ಲಿ ಭೂಮಿಯನ್ನು ಕೊಳ್ಳುವವರಿಗೆ ಕೊರತೆಯಿಲ್ಲ. ಅದನ್ನು ಉಳಿಸಿಕೊಳ್ಳಬೇಕೆಂಬ ರೈತನಿಗೆ ಉಳಿಸಿಕೊಂಡುದರಿಂದ ಲಾಭವುಂಟೆಂದು ತೋರಬೇಕು. ಅದಕ್ಕೆ ಬೇಕಾದ ಧನವು ಒಬ್ಬ ರೈತನ ಕೈಯಲ್ಲಿಲ್ಲ. ಊರು ಒಟ್ಟುಗೂಡಿ, ಕ್ರಮವರಿತು ಕೇಳಿದರೆ ಒದಗುವುದು. ಈ ವಿಷಯದಲ್ಲಿ ಹೆಚ್ಚಿನ ವಿವರಗಳು ಬೇಕಾದವರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿಯೂ, ಗ್ರಾಮ ಪಂಚಾಯತಿಯ ಅಭಿವೃದ್ಧಿ ಅಧಿಕಾರಿಗಳಲ್ಲಿಯೂ ವಿಚಾರಿಸತಕ್ಕದ್ದು. ವಿಚಾರಿಸಲು ಹೋಗುವಾಗ ಗ್ರಾಮಸಭೆಯ ನಡಾವಳಿಯ ನಕಲನ್ನೂ ಪಹಣಿಯನ್ನೂ ಜೊತೆಯಲ್ಲಿ ತೆಗೆದುಕೊಂಡುಹೋದರೆ ಎರಡು ಸಲ ತಿರುಗುವ ಶ್ರಮವು ತಪ್ಪುವುದು.